ಎರಡನೆಯ ಕಾವಿ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ದುಬೈ ಬಿಟ್ಟು ಊರಲ್ಲಿ ನೆಲೆಯಾದ ಮೇಲೆ ಬರೆಯೋಣ ಅಂದುಕೊಂಡೆ. ನೆಲೆಯಾಯಿತು. ಕಣ್ಣಿನ ಆಪರೇಷನ್ ಆಗಲಿ ಅಂದೆ. ಅದೂ ಆಯಿತು. ಕಳೆದ ತಪಸ್ಸುಕಾಲದೊಳಗೆ ಮುಗಿಸುತ್ತೇನೆಂದು ಹೊಸ ನೋಟುಪುಸ್ತಕ ತಂದೆ. ಈಸ್ಟರ್ ಬಂದು ಹೋಯಿತು, ಪುಸ್ತಕದಲ್ಲಿ ಮೊಮ್ಮಗಳು ಬೆಕ್ಕಿನ ಚಿತ್ರ ಬರೆದಿದ್ದಳು. ಈಗ ಬರೆಯುತ್ತಿರುವುದು ಧೈರ್ಯ ಬಂದು ಅಲ್ಲ. ಇತ್ತೀಚೆಗೆ ನನಗೆ ಹೆಸರುಗಳು ಮರೆತುಹೋಗುತ್ತಿವೆ. ಮರೆತುಬಿಟ್ಟರೆ ತಪ್ಪಿಸಿಕೊಂಡಂತಾಗುತ್ತದೆ. ಹಾಗೆ ತಪ್ಪಿಸಿಕೊಳ್ಳುವುದು ಬೇಡ ಅನಿಸಿತು.

ನಾನು ಹೇಳಹೊರಟದ್ದು ನನ್ನ ಜೊತೆ ಕೆಲಸ ಮಾಡಿದ ಒಬ್ಬ ಚಿತ್ರಗಾರರ ವಿಷಯ. ಅವರ ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ 'ಮಾಸ್ಟ್ರು' ಅನ್ನುತ್ತಿದ್ದರು, ಇಲ್ಲಿಯೂ ಅದೇ ಇರಲಿ. ಅವರು ಟರ್ಕಿಯ ಹಳೆಯ ಪದ್ಧತಿಯ ಟೈಲುಗಳ ಮೇಲೆ ಹೂ ಬರೆಯುತ್ತಿದ್ದರು. ಆ ಕೆಲಸದಲ್ಲೇ ಅವರ ಬಲಗೈ ಹೋಯಿತು, ಆಮೇಲೆ ಜೀವವೂ ಹೋಯಿತು. ಎರಡಕ್ಕೂ ಒಂದು ಪದ ಕಾರಣ. ಆ ಪದವನ್ನು ಮೊದಲ ಸಲ ಬರೆದವನು ನಾನು. ಬರೆಯುವಾಗ ನನಗೆ ಏನೂ ಗೊತ್ತಿರಲಿಲ್ಲ. ಎರಡನೆಯ ಸಲ ಅದನ್ನು ಬಾಯಿಬಿಟ್ಟು ಹೇಳಿದವನೂ ನಾನೇ. ಆಗ ಎಲ್ಲವೂ ಗೊತ್ತಿತ್ತು.

ದುಬೈಯಲ್ಲಿ ಮೆಟ್ರೋ ಓಡಲು ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಜೆಬೆಲ್ ಅಲಿಯ ಗೋದಾಮುಗಳ ನಡುವೆ ನಮ್ಮ ಟೈಲ್ಸ್ ಕಾರ್ಖಾನೆ. ನಾನು ಅಲ್ಲಿ ಸ್ಟೋರ್‌ಕೀಪರ್. ಕುಂದಾಪುರದ ಕಡೆಯವನು, ಎಸ್ಸೆಸ್ಸೆಲ್ಸಿ ಮುಗಿಸಿ ಬೊಂಬಾಯಿಗೆ ಹೋಗಿ ಅಲ್ಲಿಂದ ಗಲ್ಫಿಗೆ ಬಂದವನು. ಅರವತ್ತು ದಾಟಿದ್ದರಿಂದ ನನ್ನ ವೀಸಾ ವರ್ಷಕ್ಕೊಮ್ಮೆ ಮ್ಯಾನೇಜರನ ಮನಸ್ಸನ್ನು ನೋಡಿಕೊಂಡು ಮುಂದುವರಿಯುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಾನು ಯಾವುದಕ್ಕೆ ಹೆದರಿದೆ ಎಂದು ತಿಳಿಯಲಿ ಅಂತ ಹೇಳಿದೆ.

ಅಬುಧಾಬಿಯಲ್ಲಿ ಒಬ್ಬ ದೊಡ್ಡ ಮನುಷ್ಯರ ಮನೆ ಏಳುತ್ತಿತ್ತು. ಅತಿಥಿಗಳು ಕೂರುವ ಮಜ್ಲಿಸ್‌ನ ಒಂದು ಗೋಡೆಗೆ ಪೂರ್ತಿ ಹೂವಿನ ಟೈಲು ಬೇಕು, ಅಚ್ಚು ಹೊಡೆದದ್ದು ಬೇಡ, ಕೈಯಲ್ಲೇ ಬರೆಯಬೇಕು ಅಂದರಂತೆ. ಅದಕ್ಕಾಗಿ ಟರ್ಕಿಯ ಕುತಾಹ್ಯ ಎಂಬ ಊರಿನಿಂದ ಒಬ್ಬ ಮುದುಕನನ್ನು ಆರು ವಾರಕ್ಕೆ ಕರೆಸಿದರು. ಅವರ ಭಾಷೆಯಲ್ಲಿ ಕಸುಬಿನ ಗುರುವಿಗೆ ಉಸ್ತಾ ಎನ್ನುತ್ತಾರೆ. ನಮ್ಮ ಉಸ್ತಾನಿಗೆ ಟರ್ಕಿ ಭಾಷೆ ಬಿಟ್ಟರೆ ನಾಲ್ಕು ಅರಬಿ ಮಾತು ಬರುತ್ತಿತ್ತು. ಉಳಿದದ್ದೆಲ್ಲ ಕೈಸನ್ನೆ.

ಮಾಸ್ಟ್ರು ಆಗ ಪೆಟ್ಟಿಗೆಗಳ ಮೇಲೆ ನಂಬರು ಬರೆಯುವ ಕೆಲಸದಲ್ಲಿದ್ದರು. ಭಟ್ಕಳದಿಂದ ಆಚೆಯ ಒಂದು ಹಳ್ಳಿಯವರು, ನಲವತ್ತರ ಆಸುಪಾಸು. ಊರಲ್ಲಿ ಶಾಲೆಯ ಗೋಡೆಗೆ ಭೂಪಟ, ಬಸ್ಸಿಗೆ ಹೆಸರು ಬರೆದಿದ್ದವರು. ಒಂದು ವರ್ಷ ಡ್ರಾಯಿಂಗ್ ಮಾಸ್ತರರು ರಜೆ ಹಾಕಿದಾಗ ಅವರ ಬದಲಿಗೆ ಪಾಠ ಮಾಡಿದ್ದರಂತೆ, ಆ ಹೆಸರನ್ನು ಗಲ್ಫಿನವರೆಗೆ ಹೊತ್ತು ತಂದಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಪ್ಲೈವುಡ್ ಪೆಟ್ಟಿಗೆಯ ಮೇಲೆ ಸುಮ್ಮನೆ ಒಂದು ಬಳ್ಳಿ ಎಳೆದರು. ಉಸ್ತಾ ಚಹಾದ ಗ್ಲಾಸು ಹಿಡಿದು ಬರುತ್ತಿದ್ದವನು ನಿಂತ. ಬಳ್ಳಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ನೋಡಿದ. ಆಮೇಲೆ ಮಾಸ್ಟ್ರ ಅಂಗಿಯ ಕಾಲರು ಹಿಡಿದು, ಕರುವನ್ನು ಎಳೆದೊಯ್ಯುವ ಹಾಗೆ ಕರೆದುಕೊಂಡು ಹೋಗಿ ಬಣ್ಣದ ಮೇಜಿನ ಮುಂದೆ ಕೂರಿಸಿದ.

"ಕೆಲ್ಸ ಹೋಯ್ತು ಅಂತಲೇ ಮಾಡಿದೆ ಪೊರ್ಬುಗಳೇ," ಎಂದು ಮಾಸ್ಟ್ರು ಸಂಜೆ ನನ್ನ ಹತ್ತಿರ ನಕ್ಕರು. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಅನ್ನುತ್ತಾರೆ. ಕಂಪನಿ ಬಸ್ಸಿನಲ್ಲಿ ಎಲ್ಲರಿಂದ ಕೇಳಿ ಅವರೂ ಅದನ್ನೇ ಹಿಡಿದಿದ್ದರು.

ಮಾಸ್ಟ್ರ ಅಪ್ಪ ಕಾವಿ ಚಿತ್ರದ ಕೆಲಸದವರು. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಬಿಳಿ ಸುಣ್ಣದ ಮೇಲೆ ಇಟ್ಟಿಗೆಗೆಂಪಿನ ಹೂಬಳ್ಳಿಗಳಿರುತ್ತವಲ್ಲ, ಅದು. ಗಾರೆಯ ಮೇಲೆ ಕೆಂಪು ಮಣ್ಣು ಬಳಿದು, ಹಸಿ ಇರುವಾಗಲೇ ಸೂಜಿಯಲ್ಲಿ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವುದು. "ನಮ್ಮಲ್ಲಿ ಹೂವು ಬರೆಯುದಲ್ಲ, ಕೆರೆಯುದು," ಎನ್ನುತ್ತಿದ್ದರು. "ಕೆಂಪು ತೆಗೆದ್ರೆ ಅಲ್ಲಿ ಹೂವು. ಇಲ್ಲಿ ಕೆಂಪು ಹಾಕಿದ್ರೆ ಹೂವು. ಅಪ್ಪ ನೋಡಿದ್ರೆ, ಮಗ ದುಬೈಗೆ ಹೋಗಿ ಉಲ್ಟಾ ಆದ ಅಂತಿದ್ದ."

ಉಸ್ತಾ ಅವರಿಗೆ ನಾಲ್ಕು ಹೂ ಕಲಿಸಿದ. ಮೊದಲು ಲಾಲೆ, ಅಂದರೆ ಟುಲಿಪ್. ಈಟಿಯ ಮೊನೆಯಂಥ ಮೂರು ದಳ. ಆಮೇಲೆ ಗುಲಾಬಿ. ಆಮೇಲೆ ಗೊಂಚಲು ಗೊಂಚಲಾದ ನೀಲಿ ಸುಂಬುಲ್. ಕೊನೆಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಕಾರ್ನೇಶನ್, ಅದಕ್ಕೆ ಅವನು ಕರನ್‌ಫಿಲ್ ಎನ್ನುತ್ತಿದ್ದ. ಅರಬಿಯಲ್ಲಿ ಅದೇ ಮಾತಿಗೆ ಲವಂಗ ಎಂದರ್ಥ ಎಂದು ನಮ್ಮ ಬಸ್ಸಿನ ಡ್ರೈವರ್ ಇಸ್ಮಾಯಿಲ್ ಹೇಳಿದಾಗ ಮಾಸ್ಟ್ರಿಗೆ ನಗು ತಡೆಯಲಾಗಲಿಲ್ಲ. ಇಸ್ಮಾಯಿಲ್ ಉಪ್ಪಿನಂಗಡಿ ಕಡೆಯ ಬ್ಯಾರಿ, ಮಾತಿನಲ್ಲಿ ಯಾರನ್ನೂ ಬಿಡುವವನಲ್ಲ. "ನಗುದೆಂತ ಮಾಸ್ಟ್ರೇ? ಶೇಖನ ಗೋಡೆಗೆ ನೀವು ಬಿರಿಯಾನಿ ಮಸಾಲೆ ಬಿಡಿಸ್ತಾ ಇದ್ದೀರಿ!"

ಉಸ್ತಾ ಬರೆಯುವ ಪ್ರತಿ ಫಲಕದಲ್ಲೂ ಎಲ್ಲೋ ಒಂದು ಕಡೆ ಒಂದು ಹೂವಿನ ದಂಟು ಮುರಿದು ಬಾಗಿರುತ್ತಿತ್ತು. ಮಾಸ್ಟ್ರು ಅದನ್ನು ತಪ್ಪು ಎಂದು ತಿಳಿದು ಒಂದು ಸಲ ನೆಟ್ಟಗೆ ಮಾಡಿಬಿಟ್ಟರು. ಉಸ್ತಾ ಒರೆಸಿ ಮತ್ತೆ ಮುರಿದ. ಬಾಯಿಂದ ಉಫ್ ಎಂದು ಊದಿ ತೋರಿಸಿದ. ಗಾಳಿ. ಮಾಸ್ಟ್ರು ಅದನ್ನು ತಲೆಗೆ ಹಚ್ಚಿಕೊಂಡರು. "ಗಾಳಿ ಬೀಸದ ತೋಟ ಎಲ್ಲಿಯಾದ್ರೂ ಉಂಟಾ? ಮುದುಕ ಸುಳ್ಳು ಬರೆಯುದಿಲ್ಲ, ನೋಡಿ," ಎನ್ನುತ್ತಿದ್ದರು.

ಇನ್ನು ಆ ಕೆಂಪಿನ ವಿಷಯ. ಈ ಟೈಲುಗಳ ಜೀವವೇ ಕೆಂಪು. ನೀಲಿ, ಹಸಿರು ಎಲ್ಲ ಬಿಳಿಯ ಮೇಲೆ ಸಮನಾಗಿ ಕೂತಿರುತ್ತವೆ. ಕೆಂಪು ಮಾತ್ರ ಬೆರಳಾಡಿಸಿದರೆ ಉಬ್ಬಾಗಿ ಕೈಗೆ ಸಿಗುತ್ತದೆ. ಅದಕ್ಕೆ ಬೇಕಾದ ಕೆಂಪು ಮಣ್ಣು ಒಂದು ಡ್ರಮ್ಮಿನಲ್ಲಿ ಬಂತು. ಅದರ ಜೊತೆ ಇನ್ನೊಂದು ಡ್ರಮ್ಮು ಬಂತು, ಅದರಲ್ಲಿ ಇನ್ನೂ ಉಜ್ವಲವಾದ, ಕೇಸರಿಯ ಕಡೆಗೆ ತಿರುಗುವ ಪುಡಿ. ಅದು ಮುಖ್ಯವಾಗಿ ಟೈಲಿನ ಮೇಲಿನ ಹೊಳಪಿಗೆ. ಕೆಂಪು ಗಟ್ಟಿಯಾಗಿ ಹಿಡಿಯಲೆಂದು ಮಣ್ಣಿಗೂ ಒಂದು ಚಿಟಿಕೆ ಬೆರೆಸಬೇಕು. ಎರಡೂ ಡ್ರಮ್ಮಿನ ಚೀಟಿ ಟರ್ಕಿ ಭಾಷೆಯಲ್ಲಿ, ಅದೂ ಹಡಗಿನಲ್ಲಿ ತೊಯ್ದು ಅರ್ಧ ಹರಿದಿತ್ತು. ಸ್ಟೋರಿನಲ್ಲಿ ಹೆಸರಿಲ್ಲದ ವಸ್ತು ಇರಬಾರದು ಎನ್ನುವುದು ನನ್ನ ನೇಮ. ನಾನು ಮಾರ್ಕರ್ ತೆಗೆದುಕೊಂಡು ಮುಚ್ಚಳಗಳ ಮೇಲೆ ಕನ್ನಡದಲ್ಲಿ ಬರೆದೆ: ಕಾವಿ ೧, ಕಾವಿ ೨.

ನಮಗೆ ಗೋಡೆಯ ಇಟ್ಟಿಗೆಗೆಂಪೂ ಕಾವಿಯೇ, ಸನ್ಯಾಸಿಗಳ ಬಟ್ಟೆಯ ಕೇಸರಿಯೂ ಕಾವಿಯೇ. ಬೇರೆ ಭಾಷೆಯವನಾಗಿದ್ದರೆ ಆ ಎರಡು ಪುಡಿಗೆ ಒಂದೇ ಹೆಸರು ಇಡುತ್ತಿರಲಿಲ್ಲವೇನೋ.

ಹೋಗುವ ಹಿಂದಿನ ದಿನ ಉಸ್ತಾ ನನ್ನನ್ನು ಎರಡನೆಯ ಡ್ರಮ್ಮಿನ ಹತ್ತಿರ ಕರೆದ. ಅದರ ಮೇಲೆ ಕೈಯಿಟ್ಟು, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿ, ಬೇಡ ಎನ್ನುವಂತೆ ತಲೆಯನ್ನು ಎರಡು ಮೂರು ಸಲ ಬಲವಾಗಿ ಆಡಿಸಿದ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಇದು ನಮ್ಮ ಮನೆತನದ ಗುಟ್ಟು, ಯಾರಿಗೂ ಬಾಯಿ ಬಿಡಬೇಡ. ನಾನೂ ತುಟಿಗೆ ಬೆರಳಿಟ್ಟು, ಎದೆ ಮುಟ್ಟಿ ಮಾತು ಕೊಟ್ಟೆ. ಅವನು ಸಮಾಧಾನದಿಂದ ನನ್ನ ಭುಜ ತಟ್ಟಿ ಹೋದ. ಆ ಮುದುಕ ವಿಮಾನದಲ್ಲಿ ನಿಶ್ಚಿಂತೆಯಿಂದ ಕೂತು ಹೋಗಿರಬೇಕು.

ಮಾಸ್ಟ್ರಿಗೆ ಕುಂಚವನ್ನು ತುಟಿಯಲ್ಲಿ ಮೊನೆ ಮಾಡುವ ಅಭ್ಯಾಸ ಇತ್ತು. ಉಸ್ತಾ ಇರುವಾಗ ಎರಡು ಸಲ ಅವರ ಕೈಗೆ ಹೊಡೆದಿದ್ದ. ಉಸ್ತಾನ ಕುಂಚ ಕತ್ತೆಯ ಕುತ್ತಿಗೆ ಕೂದಲಿನದು, ಅದಕ್ಕೇ ಬಾಯಿಗೆ ಹಾಕಬಾರದು ಅನ್ನುತ್ತಾನೆ ಎಂದು ನಾವೆಲ್ಲ ತಮಾಷೆ ಮಾಡಿದೆವು. ಅವನು ಹೋದ ಮೇಲೆ ಹೊಡೆಯುವವರು ಯಾರೂ ಇರಲಿಲ್ಲ. ಒಂದು ಗೆರೆ, ತುಟಿಗೆ ಒಂದು ಸಲ. ಮತ್ತೊಂದು ಗೆರೆ, ಮತ್ತೆ ತುಟಿಗೆ.

"ಹೊಟ್ಟೆಗೆ ಹೋಗುದಿಲ್ವಾ ಮಾಸ್ಟ್ರೇ?" ಎಂದು ಕೇಳಿದ್ದೆ.

"ಹೋಗ್ಲಿ ಬಿಡಿ. ಕಾವಿ ಅಂದ್ರೆ ಮಣ್ಣಲ್ವಾ ಪೊರ್ಬುಗಳೇ? ಸಣ್ಣಾಗಿರುವಾಗ ಅಪ್ಪನ ಕಾವಿ ಬಟ್ಟಲು ನೆಕ್ಕಿ ಬೆಳೆದವ ನಾನು."

ಉಸ್ತಾ ಹೋದ ಮೇಲೆ ಭಟ್ಟಿಯಲ್ಲಿ ಕೆಂಪು ಕೈಕೊಟ್ಟಿತು. ಸುಟ್ಟು ತೆಗೆದರೆ ಕಂದು ಬಣ್ಣ, ಕೆಲವು ಕಡೆ ಸಿಪ್ಪೆ ಏಳುತ್ತಿತ್ತು. ಮಾಸ್ಟ್ರು ಊಟ ಬಿಟ್ಟು ಅದರ ಹಿಂದೆ ಬಿದ್ದರು. ಎರಡನೆಯ ಕಾವಿಯನ್ನು ಚಿಟಿಕೆಯಿಂದ ಚಮಚಕ್ಕೆ, ಚಮಚದಿಂದ ಹಿಡಿಗೆ ಏರಿಸಿದರು. ಇನ್ನೂ ನುಣ್ಣಗಾಗಲಿ ಎಂದು ಮೂಲೆಯಲ್ಲಿ ಕಲ್ಲಿನ ಒರಳು ಇಟ್ಟುಕೊಂಡು ಒಣಪುಡಿಯನ್ನೇ ಅರೆಯುತ್ತಿದ್ದರು. ಏಸಿಯ ಗಾಳಿಗೆ ಅದು ಮೋಡದ ಹಾಗೆ ಏಳುತ್ತಿತ್ತು, ಸಂಜೆಗೆ ಅವರ ಹುಬ್ಬು, ಮೀಸೆ ಕೇಸರಿ. "ಮಠಾಧಿಪತಿಗಳು ಬಂದ್ರು, ದಾರಿ ಬಿಡಿ," ಎಂದು ಇಸ್ಮಾಯಿಲ್ ಬಸ್ಸಿನ ಬಾಗಿಲಲ್ಲಿ ಕೈಮುಗಿಯುತ್ತಿದ್ದ. ಒಂದು ದಿನ ಕೆಂಪು ಬಂತು. ಟೈಲು ಇನ್ನೂ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಹಿಡಿದುಕೊಂಡು ಸ್ಟೋರಿಗೆ ಓಡಿ ಬಂದರು. ಅಂಥ ಕೆಂಪನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆಗಷ್ಟೇ ಕೊಯ್ದ ಗಾಯದಂತೆ ಹಸಿಯಾಗಿತ್ತು.

ಅವರು ದಿನಕ್ಕೊಮ್ಮೆ ಪುಡಿಗೆ ಬರುತ್ತಿದ್ದರು. "ಎರಡನೇ ಕಾವಿ ಒಂದು ಗ್ಲಾಸು," ಎಂದು ಕಿಟಕಿಯಲ್ಲಿ ಸ್ಟೀಲಿನ ಗ್ಲಾಸು ಚಾಚುತ್ತಿದ್ದರು. ನಾನು ಅಳೆದು ಕೊಡುತ್ತಿದ್ದೆ.

ಶುಕ್ರವಾರ ಮಾಸ್ಟ್ರು ಜೆಬೆಲ್ ಅಲಿಯ ಕ್ಯಾಂಪಿನಿಂದ ಕರಾಮಕ್ಕೆ ಬರುತ್ತಿದ್ದರು. ನಾನು ಅಲ್ಲಿ ಒಂದು ಫ್ಲ್ಯಾಟಿನಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಮಂಚದಷ್ಟು ಜಾಗ, ಹಿಡಿದಿದ್ದೆ. ನನ್ನ ಪೂಜೆ ಮುಗಿಯುವವರೆಗೆ ಚರ್ಚಿನ ಹೊರಗೆ ಕಾದು, ಆಮೇಲೆ ಇಬ್ಬರೂ ಒಂದು ಊಟದ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಣ್ಣುತ್ತಿದ್ದೆವು. ಉಣ್ಣುತ್ತಾ ಹೆಂಡತಿಗೆ ಫೋನು ಮಾಡುತ್ತಿದ್ದರು. ಆಕೆ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವರು. "ಇಲ್ಲೇ ಪೊರ್ಬುಗಳು ಇದ್ದಾರೆ, ಅವ್ರೇ ನನ್ನ ಕಾವಿ ಭಂಡಾರಿ," ಎಂದು ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು. ಆಕೆ "ಅಣ್ಣಾ, ಇವ್ರನ್ನ ಸ್ವಲ್ಪ ನೋಡ್ಕೊಳ್ಳಿ," ಎನ್ನುತ್ತಿದ್ದರು. ಪ್ರತಿ ಸಲ ಅದೊಂದೇ ಮಾತು.

ಎಂಟು ಹತ್ತು ತಿಂಗಳಾಗುವಷ್ಟರಲ್ಲಿ ಅವರ ಊಟ ಕಡಿಮೆಯಾಯಿತು. ಹೊಟ್ಟೆ ಹಿಡಿದು ತಿರುಚಿದಂತೆ ನೋವು. ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಸುಲೈಮಾನಿ ಚಹಾಕ್ಕೆ ಸಕ್ಕರೆ ಬೇಡ ಎನ್ನಲು ಶುರುಮಾಡಿದರು.

"ಶುಗರ್ ಬಂತಾ ಮಾಸ್ಟ್ರೇ?"

"ಇಲ್ಲ ಮಾರಾಯ್ರೇ. ಬಾಯಲ್ಲೇ ಉಂಟು ಸಿಹಿ. ಬೆಳಿಗ್ಗೆ ಎದ್ದ ಕೂಡ್ಲೇ ನಾಲಿಗೆ ಮೇಲೆ ಎಂತದೋ ಸಿಹಿ ಸಿಹಿ. ಪುಣ್ಯ ಮಾಡಿರ್ಬೇಕು ನಾನು."

ಇನ್ನೊಂದು ದಿನ ಬಸ್ಸಿನಲ್ಲಿ ಅವರು ಆಕಳಿಸಿದಾಗ ಇಸ್ಮಾಯಿಲ್ ಕನ್ನಡಿಯಲ್ಲಿ ನೋಡಿ, "ಇದೆಂತ ಅವಸ್ಥೆ? ಸುರುಮ ಕಣ್ಣಿಗೆ ಹಾಕುದು ಮಾಸ್ಟ್ರೇ, ವಸಡಿಗಲ್ಲ!" ಎಂದ. ಎಲ್ಲರೂ ನಕ್ಕರು. ನಾನೂ ಬಗ್ಗಿ ನೋಡಿದೆ. ಹಲ್ಲು ವಸಡಿಗೆ ಸೇರುವಲ್ಲಿ ಸೀಸದ ಕಡ್ಡಿಯಲ್ಲಿ ಎಳೆದಂತೆ ತೆಳ್ಳಗೆ ಒಂದು ಕಪ್ಪುನೀಲಿ ಗೆರೆ. ಸೀಸದ ಕಡ್ಡಿ ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗೆ ಹಾಗೆ ಹೊಳೆಯಲಿಲ್ಲ.

ಹೊಳೆದದ್ದು ಎರಡು ವಾರದ ನಂತರ. ಹೊಸ ಡ್ರಮ್ಮು ಬಂತು. ಈ ಸಲ ಅದರ ಜೊತೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಂಗ್ಲಿಷ್ ಕಾಗದ ಇತ್ತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅದರ ಅರ್ಧ ತಿಳಿಯಲಿಲ್ಲ, ತಿಳಿದ ಅರ್ಧವೇ ಸಾಕಾಯಿತು. ಮೇಲೆ ತಲೆಬುರುಡೆಯ ಗುರುತು. ಕೆಳಗೆ ಲೆಡ್ ಎಂಬ ಪದ. ಸೀಸ. ಉಸಿರಿಗೆ ಹೋಗಬಾರದು, ಬಾಯಿಗೆ ಹೋಗಬಾರದು. ಹೊಟ್ಟೆನೋವು, ರಕ್ತ ಕಡಿಮೆಯಾಗುವುದು, ವಸಡಿನ ಗೆರೆ, ಮಣಿಕಟ್ಟು ಸೋಲುವುದು. ಒಂದೊಂದು ಸಾಲೂ ಮಾಸ್ಟ್ರನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಉಸ್ತಾ ತುಟಿಗೆ ಬೆರಳಿಟ್ಟದ್ದು ಯಾಕೆ ಎಂದು ಆಗ ಅರ್ಥವಾಯಿತು.

ನಾನು ಎದ್ದು ಅವರ ಮೇಜಿಗೆ ಓಡಬೇಕಿತ್ತು. ನಡೆದು ಹೋದರೂ ಸಾಕಿತ್ತು, ಇಪ್ಪತ್ತು ಹೆಜ್ಜೆಯ ದೂರ. ಅದರ ಬದಲು ನಾನು ಮಾಡಿದ್ದು ಇಷ್ಟು. ಕಾಗದವನ್ನು ಮಡಚಿ ಹಳೆಯ ಗೇಟ್‌ಪಾಸುಗಳ ಫೈಲಿನ ತಳದಲ್ಲಿ ಇಟ್ಟೆ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಹಳೆಯ ಮುಚ್ಚಳದ ಮೇಲಿನ 'ಕಾವಿ ೨' ಅಳಿಸಿದೆ. ಅದರ ಮೇಲೆ ಬರೆದವರು ಯಾರು ಎಂದು ಮ್ಯಾನೇಜರ್ ಕೇಳಿದರೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ವೀಸಾ ನವೀಕರಣಕ್ಕೆ ಎರಡು ತಿಂಗಳು ಉಳಿದಿತ್ತು.

ಮಾಸ್ಟ್ರು ಮಧ್ಯಾಹ್ನ ಗ್ಲಾಸು ಹಿಡಿದು ಬಂದರು. ವಿಷಯ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. "ಮಾಸ್ಕ್ ಹಾಕ್ಕೊಳ್ಳಿ ಮಾಸ್ಟ್ರೇ, ಧೂಳು," ಎಂದಷ್ಟೇ ಹೇಳಿದೆ.

"ಮಾಸ್ಕ್ ಹಾಕಿದ್ರೆ ಕುಂಚ ಎಲ್ಲಿಡುದು?" ಎಂದು ಅವರು ತುಟಿ ತೋರಿಸಿ ನಕ್ಕರು.

ನಾನು ಗ್ಲಾಸು ತುಂಬಿ ಕೊಟ್ಟೆ. ತಿಳಿದ ಮೇಲೂ ಕೊಟ್ಟೆ. ಮರುದಿನವೂ ಕೊಟ್ಟೆ. ಗೋಡೆ ಮುಗಿಯಲಿ, ಆಮೇಲೆ ಹೇಳೋಣ. ನಾಳೆ ಹೇಳೋಣ. ವೀಸಾ ಆಗಲಿ. ಹೀಗೆ ಗೋಡೆ ಮುಗಿಯಿತು, ವೀಸಾ ಆಯಿತು.

ಟೈಲುಗಳನ್ನು ಕೂರಿಸುವ ಕೆಲಸ ನೋಡಲು ಇಸ್ಮಾಯಿಲ್‌ನ ವ್ಯಾನಿನಲ್ಲಿ ನಾವು ಅಬುಧಾಬಿಗೆ ಹೋದೆವು. ಸಾಮಾನಿನ ಪಟ್ಟಿ ಒಪ್ಪಿಸಲು ನಾನು, ಕ್ರಮ ತಪ್ಪದಂತೆ ನೋಡಲು ಮಾಸ್ಟ್ರು. ಗೋಡೆ ಮೇಲಿನಿಂದ ಕೆಳಗಿನವರೆಗೆ ಅರಳಿ ನಿಂತಿತ್ತು. ಬಿಳಿ ನೆಲದ ಮೇಲೆ ನೀಲಿ ಸುಂಬುಲ್, ಗರಗಸದಂಥ ಅಂಚಿನ ಉದ್ದದ ಎಲೆಗಳು, ನಡುನಡುವೆ ಆ ಕೆಂಪು ಲಾಲೆ. ತುದಿಯ ಸಾಲಿನಲ್ಲಿ ಎರಡು ಟೈಲು ಉಳಿದಿದ್ದವು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಏಣಿಯ ಮೇಲಿದ್ದ ಕೆಲಸಗಾರ ಕೇಳಿದ. ಮಾಸ್ಟ್ರು ಬಲಗೈ ಎತ್ತಿ ತೋರಿಸಹೋದರು. ತೋಳು ಮೇಲೆ ಹೋಯಿತು. ಮಣಿಕಟ್ಟಿನಿಂದ ಮುಂದೆ ಕೈ ಕೆಳಗೆ ನೇತಾಡುತ್ತಿತ್ತು.

ಇಸ್ಮಾಯಿಲ್ ಅದನ್ನು ತಮಾಷೆ ಎಂದುಕೊಂಡ. "ಎಂತ, ಒಂಟೆ ಮೋರೆ ಮಾಡಿ ತೋರಿಸುದಾ?"

ಮಾಸ್ಟ್ರು ಎಡಗೈಯಿಂದ ಬಲಗೈಯನ್ನು ಎತ್ತಿ ನೆಟ್ಟಗೆ ಹಿಡಿದರು. ಬಿಟ್ಟರೆ ಮತ್ತೆ ಬಿತ್ತು. ಇನ್ನೊಮ್ಮೆ ಎತ್ತಿದರು. ಇನ್ನೊಮ್ಮೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, ಏನೋ ಸಣ್ಣ ಸಾಮಾನು ಕಳೆದುಹೋದವರ ಹಾಗೆ, "ಪೊರ್ಬುಗಳೇ, ಇದು ನಿಲ್ಲುದಿಲ್ಲ," ಎಂದರು. ಏಣಿಯ ಮೇಲಿನವನು ಟೈಲು ಹಿಡಿದುಕೊಂಡೇ ಇದ್ದ.

ಬಣ್ಣ ಬರೆಯುವವನ ಕೈ ಏಳದಿದ್ದರೆ ಕಂಪನಿಗೆ ಅವನಿಂದ ಏನು ಉಪಯೋಗ? ನರದ ತೊಂದರೆ ಎಂದು ಬರೆದು, ಎರಡು ವಾರದೊಳಗೆ ವೀಸಾ ರದ್ದು ಮಾಡಿ ಕಳಿಸಿದರು. ಏರ್‌ಪೋರ್ಟಿಗೆ ನಾನೇ ಹೋದೆ. ಮಾಸ್ಟ್ರು ಎಡಗೈಯಲ್ಲಿ ನನ್ನ ಕೈ ಹಿಡಿದು, "ಆ ಕೆಂಪಿನ ಅಳತೆ ಬರೆದಿಟ್ಟಿದ್ದೇನೆ, ಯಾರಿಗಾದ್ರೂ ಬೇಕಾದ್ರೆ ಕೊಡಿ," ಎಂದು ಒಂದು ಕಾಗದ ಕೊಟ್ಟರು. ಆ ಕಾಗದವನ್ನು ನಾನು ಅವತ್ತೇ ಹರಿದು ಹಾಕಿದೆ. ಅಷ್ಟು ಮಾತ್ರ ಸರಿಯಾದ ಕೆಲಸ ಮಾಡಿದ್ದೇನೆ.

ತಿಂಗಳಾಗಿರಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಸ್ಟೋರಿನಲ್ಲಿದ್ದೆ. ಊರಿನ ನಂಬರಿನಿಂದ ಫೋನು ಬಂತು.

"ಅಣ್ಣಾ, ನಾನು ಮಾತಾಡುದು, ಮಾಸ್ಟ್ರ ಮನೆಯಿಂದ. ನಿಮಗೆ ಕೆಲ್ಸದ ಹೊತ್ತಾ?"

"ಇಲ್ಲ ಅಮ್ಮಾ, ಹೇಳಿ. ಹೇಗಿದ್ದಾರೆ?"

"ದೊಡ್ಡಾಸ್ಪತ್ರೆಗೆ ಕರ್ಕೊಂಡು ಬಂದಿದ್ದೆ. ಡಾಕ್ಟ್ರು ಕೇಳ್ತಾ ಇದ್ದಾರೆ, ಅಲ್ಲಿ ಎಂತ ಪುಡಿ ಮುಟ್ತಾ ಇದ್ರು ಅಂತ. ಇವ್ರ ಹತ್ರ ಕೇಳಿದ್ರೆ ಕಾವಿ, ಕಾವಿ ಅಂತಾರೆ. ಡಾಕ್ಟ್ರು ಸರಿಯಾಗಿ ವಿಚಾರಿಸಿ ಬನ್ನಿ ಅಂದ್ರು. ಪುಡಿ ಹೆಸ್ರು ಗೊತ್ತಾದ್ರೆ ಔಷಧ ಬೇರೆ ಕೊಡ್ಲಿಕ್ಕೆ ಆಗ್ತದಂತೆ. ನೀವೇ ಸ್ಟೋರಿನವ್ರಲ್ವಾ ಅಣ್ಣಾ, ನಿಮಗೆ ಗೊತ್ತಿರ್ತದೆ."

ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು, ಯಾರದೋ ಟೋಕನ್ ನಂಬರು ಕೂಗುತ್ತಿದ್ದರು. ನನ್ನ ಎದುರಿನ ಕಪಾಟಿನಲ್ಲಿ ಗೇಟ್‌ಪಾಸಿನ ಫೈಲು ಇತ್ತು. ಹೆಸರು ಹೇಳಿದರೆ ಡಾಕ್ಟರು ಬರೆದುಕೊಳ್ಳುತ್ತಾರೆ, ಕಂಪನಿಗೆ ಕಾಗದ ಬರುತ್ತದೆ, ಡ್ರಮ್ಮಿನ ಮೇಲೆ ಏನು ಬರೆದಿತ್ತು ಎಂದು ಕೇಳುತ್ತಾರೆ. ಇಷ್ಟೆಲ್ಲ ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

"ಕಾವಿಯೇ ಅಮ್ಮಾ," ಎಂದೆ. "ಬರೀ ಮಣ್ಣು."

"ಹೌದಾ?" ಆಕೆಯ ದನಿ ಹಗುರಾಯಿತು. "ಮಣ್ಣಾದ್ರೆ ಹೆದ್ರುದು ಬೇಡ ಅಲ್ವಾ ಅಣ್ಣಾ?"

"ಹೆದರುವುದು ಬೇಡ."

"ದೇವ್ರು ನಿಮ್ಮನ್ನ ಚೆನ್ನಾಗಿಡ್ಲಿ. ಈಗ್ಲೇ ಹೋಗಿ ಡಾಕ್ಟ್ರಿಗೆ ಹೇಳ್ತೇನೆ," ಎಂದು ಆಕೆ ಫೋನಿಟ್ಟರು.

ಡಾಕ್ಟರರು ಅದನ್ನು ನರದ ಕಾಯಿಲೆ ಎಂದೇ ನೋಡಿದರು. ಎಣ್ಣೆ ತಿಕ್ಕಿದರು, ಕರೆಂಟು ಕೊಟ್ಟರು. ಮರುವರ್ಷ ರಜೆಯಲ್ಲಿ ನಾನು ಆ ಮನೆಗೆ ಹೋದಾಗ ಮಾಸ್ಟ್ರು ಮಂಚ ಹಿಡಿದಿದ್ದರು. ಕಿಡ್ನಿ ಸೋತಿತ್ತು, ಮೈ ಊದಿತ್ತು. ಆಕೆ ಶಾಲೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಉಸ್ತಾನ ಬೆರಳು, ಚೀಟಿ, ಥಿನ್ನರ್, ಫೋನು. ಕ್ಷಮಿಸಿ ಎಂದು ಅವರ ಆ ಕೈಯನ್ನು ಹಿಡಿದುಕೊಂಡೆ. ಅದು ನನ್ನ ಕೈಯೊಳಗೆ ಸುಮ್ಮನೆ ಬಿದ್ದಿತ್ತು.

ಅವರು ತುಂಬ ಹೊತ್ತು ಮಾಡಿನ ಹೆಂಚು ನೋಡುತ್ತಿದ್ದರು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

"ಡಾಕ್ಟರಿಗೆ ನಾನೇ ಹೇಳ್ತೇನೆ," ಎಂದರು ಕೊನೆಗೆ. "ಅವಳಿಗೆ ಹೇಳ್ಬೇಡಿ. ಕಾವಿ ಅಂತ ಡಾಕ್ಟರಿಗೆ ಹೇಳಿದ್ದು ಅವಳು. ಇದು ಗೊತ್ತಾದ್ರೆ, ತನ್ನ ಬಾಯಿಂದಲೇ ಹೋಯ್ತು ಅಂತ ಅವಳು ಬದುಕುದಿಲ್ಲ."

ಡಾಕ್ಟರಿಗೆ ಹೇಳಿದರೋ ಇಲ್ಲವೋ ನನಗೆ ತಿಳಿಯದು. ಹೇಳಿದ್ದರೂ ಹೊತ್ತು ಮೀರಿತ್ತು. ನಾನು ದುಬೈಗೆ ಮರಳಿದ ಮೂರು ತಿಂಗಳಿಗೆ ಇಸ್ಮಾಯಿಲ್ ಬಸ್ಸು ನಿಲ್ಲಿಸಿ ಕೆಳಗಿಳಿದು ಬಂದು ನನಗೆ ಸುದ್ದಿ ಹೇಳಿದ. ಅವತ್ತು ಅವನು ಯಾವ ತಮಾಷೆಯನ್ನೂ ಮಾಡಲಿಲ್ಲ.

ಊರಿಗೆ ಮರಳಿದ ಮೇಲೆ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲ ಕೇಳಿ, "ಆ ಹೆಂಗಸಿಗೆ ಹೇಳಿದ್ದೀರಾ?" ಎಂದರು. ಹೇಳಬಾರದು ಎಂದು ಸತ್ತವರ ಮಾತಿದೆ ಎಂದೆ. ಅವರು, "ಆ ಮಾತು ಯಾರನ್ನು ಕಾಯುತ್ತಿದೆ, ನೋಡಿಕೊಳ್ಳಿ," ಎಂದರು. ನೋಡಿಕೊಂಡೆ. ಅಷ್ಟು ವರ್ಷವೂ ಅದು ನನ್ನನ್ನೇ ಕಾದಿತ್ತು.

ಆಕೆ ಈಗಲೂ ವರ್ಷಕ್ಕೊಮ್ಮೆ ನಮ್ಮ ಕಡೆ ಬರುವವರ ಕೈಯಲ್ಲಿ ಹಲಸಿನ ಹಪ್ಪಳ ಕಳಿಸುತ್ತಾರೆ. ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಾರೆ. "ಪರದೇಶದಲ್ಲಿ ಇವ್ರಿಗೆ ನೀವೊಬ್ರಾದ್ರೂ ಇದ್ರಿ ಅಣ್ಣಾ," ಎನ್ನುತ್ತಾರೆ. ಒಂದು ಸಲ ಹೇಳಿದರು, "ನಾ ಇನ್ನೂ ಸ್ವಲ್ಪ ಬೇಗ ಆಸ್ಪತ್ರೆಗೆ ಹಾಕ್ಬೇಕಿತ್ತು. ಅದು ನಂದೇ ತಪ್ಪು." ಫೋನಿನ ಈಚೆ ನಾನು, ಇಲ್ಲ ಅಮ್ಮಾ, ನಿಮ್ಮದೇನೂ ತಪ್ಪಿಲ್ಲ ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಮಾಸ್ಟ್ರು ಹೆದರಿದ್ದು ಹೇಳಿದರೆ ಏನಾಗುತ್ತದೆ ಎಂದು. ಹೇಳದೆ ಇದ್ದರೂ ಆ ಹೆಂಗಸು ಅದೇ ಭಾರವನ್ನು ಹೊತ್ತುಕೊಂಡು ತಿರುಗುತ್ತಿದ್ದಾರೆ ಎನ್ನುವುದು ನನಗೆ ತಿಳಿದದ್ದು ಆವತ್ತು.

ಮಾಸ್ಟ್ರ ಹತ್ತಿರ ಕ್ಷಮೆ ಕೇಳಿದ್ದೇನೆ. ದೇವರ ಹತ್ತಿರ ಕೇಳಿದ್ದೇನೆ. ಕೇಳದೆ ಉಳಿದವರು ಒಬ್ಬರೇ. ನಾನು ಸತ್ತವರಿಗೆ ಕೊಟ್ಟ ಮಾತು ಇಲ್ಲಿಗೆ ಮುರಿಯಿತು. ಅದು ಮಣ್ಣಾಗಿರಲಿಲ್ಲ, ಸೀಸವಾಗಿತ್ತು. ನೀವು ಡಾಕ್ಟರಿಗೆ ಹೇಳಿದ ಮಾತು ನಿಮ್ಮದಾಗಿರಲಿಲ್ಲ. ಅದು ನನ್ನ ಸುಳ್ಳು, ನಾಗವೇಣಿ.